ಹಳೇ ಬೈಕ್ ಅಂದ್ಮೇಲೆ ಆಯಿಲ್ ಸೋರಲೇಬೇಕಾ? ಜಾವಾ, ಯೆಜ್ಡಿ, ಬುಲೆಟ್ ಸೋರಿಕೆಯ ಮೂಲ ಹುಡುಕುವ ಬಗೆ

“ಆಯಿಲ್ ಸೋರದಿದ್ದರೆ ಎಂಜಿನ್‌ನಲ್ಲಿ ಆಯಿಲ್ ಖಾಲಿ ಅಂತ ಅರ್ಥ.” ಹಳೇ ಬುಲೆಟ್ ಫೋಟೋ ಮೇಲೆ ಈ ಸಾಲು ಬರೆದ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಅದರ ಹಿಂದೆಯೇ ಇನ್ನೂ ಕೆಲವು ಬರುತ್ತವೆ: “ಹೊಗೆ ಜಾಸ್ತಿ ಬಂದರೆ ಬೋರ್‌ಗೆ ಬಂದಿದೆ”, “ದಪ್ಪ ಆಯಿಲ್ ಹಾಕಿದರೆ ಸೋರಿಕೆ ನಿಲ್ಲುತ್ತದೆ”, “ಎಂ-ಸೀಲ್ ಮೆತ್ತಿದರೆ ಆಯಿತು”. ಮೊದಲನೆಯದು ತಮಾಷೆ, ನಕ್ಕು ಬಿಡಬಹುದು. ಉಳಿದವನ್ನು ನಂಬಿದವರು ಮಾತ್ರ ದುಡ್ಡು ಕಳೆದುಕೊಳ್ಳುತ್ತಾರೆ. ಕೆಲವೊಮ್ಮೆ ರಸ್ತೆಯಲ್ಲಿ ಬೀಳುವುದೂ ಉಂಟು.

ಮಂಡ್ಯ ಜಿಲ್ಲೆಯ ಬಂಡೂರು ಹೆಸರು ಹೇಳಿದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಗಿಡ್ಡ ಕಾಲಿನ, ಗುಂಡು ಮೈಯ ಕುರಿ. ಆದರೆ ಮಳವಳ್ಳಿ, ಮದ್ದೂರು, ಮಂಡ್ಯ ಕಡೆಯ ಹಳ್ಳಿಗಳ ಕೊಟ್ಟಿಗೆಯಲ್ಲಿ ಕುರಿಯ ಪಕ್ಕದಲ್ಲೇ ಗೋಣಿತಾಟು ಹೊದ್ದು ನಿಂತ ಇನ್ನೊಂದು ಜೀವ ಇರುವುದೂ ಉಂಟು: ತಾತನದ್ದೋ ಅಪ್ಪನದ್ದೋ ಯೆಜ್ಡಿ. ಈ ಭಾಗಕ್ಕೆ ಅದು ಹೊರಗಿನ ಗಾಡಿಯಲ್ಲ. ರುಸ್ತುಂ ಇರಾನಿ ಮತ್ತು ಫಾರೋಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಂಪನಿಯ ಕಾರ್ಖಾನೆ ಇದ್ದದ್ದು ಮೈಸೂರಿನ ಯಾದವಗಿರಿಯಲ್ಲಿ. ಅದನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 1961ರಲ್ಲಿ ಅಲ್ಲಿ ಜಾವಾ ತಯಾರಿಕೆ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಅದೇ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ಕಟ್ಟಕಡೆಯ ಯೆಜ್ಡಿಯ ರಬ್ಬರ್ ಸೀಲ್‌ಗೂ, ಯಾರೂ ಬದಲಾಯಿಸಿಲ್ಲವಾದರೆ, ಕಾಲು ಶತಮಾನಕ್ಕಿಂತ ಹೆಚ್ಚು ವಯಸ್ಸಾಗಿದೆ.

ಇಲ್ಲಿ ಹೇಳುತ್ತಿರುವುದು ಆ ಮೈಸೂರಿನ ಟೂ-ಸ್ಟ್ರೋಕ್ ಗಾಡಿಗಳ ಬಗ್ಗೆ, ಜೊತೆಗೆ ಹಳೆಯ ಕಾಸ್ಟ್ ಐರನ್ ಬುಲೆಟ್ ಬಗ್ಗೆ. 2018ರ ನಂತರ ಬಂದ ಹೊಸ ಜಾವಾಗಳು ಫೋರ್-ಸ್ಟ್ರೋಕ್. ಹೆಸರು ಒಂದೇ, ಎಂಜಿನ್ ಪೂರ್ತಿ ಬೇರೆ. ಹಳೇ ಯೆಜ್ಡಿಯ ಸಲಹೆಯನ್ನು ಹೊಸ ಜಾವಾ ಇರುವವರಿಗೆ ಫಾರ್ವರ್ಡ್ ಮಾಡಬೇಡಿ.

ಯೆಜ್ಡಿಯಲ್ಲಿ “ಎಂಜಿನ್ ಆಯಿಲ್” ಎಂಬುದೇ ಇಲ್ಲ

ಅರ್ಧ ಗೊಂದಲ ಶುರುವಾಗುವುದು ಇಲ್ಲಿಂದಲೇ. ಬುಲೆಟ್, ಸ್ಪ್ಲೆಂಡರ್‌ಗಳಲ್ಲಿ ಎಂಜಿನ್ ಒಳಗೆ ಆಯಿಲ್ ತುಂಬಿರುತ್ತದೆ, ಪಂಪ್ ಅದನ್ನು ಸುತ್ತಾಡಿಸುತ್ತದೆ. ಯೆಜ್ಡಿಯಲ್ಲಿ ಹಾಗಿಲ್ಲ. ಪಿಸ್ಟನ್ ಮತ್ತು ಕ್ರ್ಯಾಂಕ್‌ಗೆ ಜಿಡ್ಡು ಸಿಗುವುದು ಪೆಟ್ರೋಲಿಗೆ ಬೆರೆಸಿದ 2ಟಿ ಆಯಿಲ್‌ನಿಂದ. ಅದು ಪೆಟ್ರೋಲ್ ಜೊತೆಗೇ ಬಂದು, ಕೆಲಸ ಮಾಡಿ, ಸುಟ್ಟು ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಕ್ರ್ಯಾಂಕ್ ಇರುವ ಕೋಣೆಯಲ್ಲಿ ನಿಂತ ಆಯಿಲ್ ಇರಬಾರದು.

ಇನ್ನೊಂದು ಆಯಿಲ್ ಇದೆ. ಅದು ಗೇರ್‌ಬಾಕ್ಸ್‌ನದು. ಎಡಗಡೆಯ ದುಂಡು ಕವರ್ ಒಳಗಿನ ಕ್ಲಚ್ ಮತ್ತು ಪ್ರೈಮರಿ ಚೈನ್ ಕೂಡ ಇದೇ ಆಯಿಲ್‌ನಲ್ಲಿ ಓಡುತ್ತವೆ. ಹಾಗಾಗಿ ಯೆಜ್ಡಿ ಕೆಳಗೆ ನೆಲ ಒದ್ದೆಯಾಗಿದ್ದರೆ ಮೊದಲ ಪ್ರಶ್ನೆ “ಎಲ್ಲಿಂದ ಸೋರುತ್ತಿದೆ” ಎಂಬುದಲ್ಲ, “ಏನು ಸೋರುತ್ತಿದೆ” ಎಂಬುದು.

ಒಂದು ಬಿಳಿ ಕಾಗದದ ಮೇಲೆ ಆ ಹನಿ ಹಿಡಿಯಿರಿ. ಗಾಳಿಯಾಡುವ ಕಡೆ, ಬೀಡಿ ಬೆಂಕಿಯಿಂದ ದೂರ ಇಟ್ಟು ಸ್ವಲ್ಪ ಹೊತ್ತು ಬಿಡಿ. ಹನಿಯ ಬಹುಪಾಲು ಆರಿಹೋಗಿ, ಮಧ್ಯೆ ಸಣ್ಣದೊಂದು ಜಿಡ್ಡಿನ ಕಲೆ ಮಾತ್ರ ಉಳಿದರೆ ಅದು ಪೆಟ್ರೋಲ್ ಮಿಶ್ರಣ. ಮೂಗಿಗೂ ಗೊತ್ತಾಗುತ್ತದೆ. 2ಟಿ ಆಯಿಲ್‌ಗೆ ಹಾಕಿದ ಬಣ್ಣ ಕೆಲವೊಮ್ಮೆ ಕಾಗದದ ಮೇಲೆ ಕಾಣುತ್ತದೆ. ಇದು ಎಂಜಿನ್ ಸೋರಿಕೆಯೇ ಅಲ್ಲ. ಪೆಟ್ರೋಲ್ ಕಾಕ್ ಸೋರುತ್ತಿರಬಹುದು, ಕಾರ್ಬೊರೇಟರ್ ಉಕ್ಕುತ್ತಿರಬಹುದು. ಪೆಟ್ರೋಲ್ ಆರಿ 2ಟಿ ಆಯಿಲ್ ಮಾತ್ರ ಎಂಜಿನ್ ಮೇಲೆ ಉಳಿಯುವುದರಿಂದ, ತಿಂಗಳುಗಟ್ಟಲೆ ಹೀಗಾದರೆ ಇಡೀ ಎಂಜಿನ್ ಆಯಿಲ್‌ನಲ್ಲಿ ಅದ್ದಿದ ಹಾಗೆ ಕಾಣುತ್ತದೆ. ಒಂದು ವಾಷರ್‌ನಲ್ಲಿ ಮುಗಿಯುವ ಕೆಲಸಕ್ಕೆ ಎಂಜಿನ್ ಇಳಿಸಿದವರಿದ್ದಾರೆ.

ಹನಿ ಆರದೆ ಹಾಗೇ ಹರಡಿ, ಕಾಗದವನ್ನು ಎಣ್ಣೆ ಪೇಪರ್ ಮಾಡಿದರೆ ಅದು ಗೇರ್ ಆಯಿಲ್. ಅಂಟಂಟಾಗಿ, ಕಪ್ಪಗೆ, ಮಣ್ಣು ಬೆರೆತಿದ್ದರೆ ಚೈನ್‌ನ ಗ್ರೀಸು. ಸೈಲೆನ್ಸರ್ ಬೆಂಡ್ ಎಂಜಿನ್‌ಗೆ ಸೇರುವ ಜಾಗದಿಂದ ಡಾಂಬರಿನಂಥ ಕಪ್ಪು ರಸ ಇಳಿಯುತ್ತಿದ್ದರೆ ಅದು ಪೂರ್ತಿ ಸುಡದ 2ಟಿ ಆಯಿಲ್ ಮತ್ತು ಮಸಿ. ಅಲ್ಲಿನ ವಾಷರ್, ಕಾಲರ್ ಸರಿಮಾಡಿಸಿ, ಮಿಶ್ರಣದಲ್ಲಿ ಆಯಿಲ್ ಹೆಚ್ಚಾಗಿದೆಯೇ ನೋಡಿ. ಮುಂದಿನ ಚಕ್ರದ ಬಳಿ ಬಿದ್ದ ಹನಿ ಫೋರ್ಕ್‌ನದು, ಅದಕ್ಕೂ ಎಂಜಿನ್‌ಗೂ ಸಂಬಂಧವಿಲ್ಲ.

ತೊಳೆಯದೆ ಹುಡುಕಬೇಡಿ

ಹತ್ತು ವರ್ಷದ ಮಣ್ಣು ಮೆತ್ತಿದ ಎಂಜಿನ್ ನೋಡಿ ಸೋರಿಕೆ ಎಲ್ಲಿ ಎಂದು ಹೇಳುವ ಮೆಕ್ಯಾನಿಕ್ ಊಹೆ ಮಾಡುತ್ತಿದ್ದಾನೆ, ಅಷ್ಟೆ. ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ, ಹಳೇ ಬ್ರಷ್‌ನಲ್ಲಿ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಲು ಬಿಡಿ. ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸ ಬೇಡ. ಬೆಂಕಿಗೆ ಒಂದು ಕಿಡಿ ಸಾಕು.

ಒಣಗಿದ ಮೇಲೆ ಅನುಮಾನ ಇರುವ ಕಡೆಗಳಲ್ಲಿ ಮೈಗೆ ಹಾಕುವ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ. ಒಲೆಯ ಬೂದಿ ಬೇಡ, ಅದರಲ್ಲಿ ಮರಳಿನ ಕಣ ಇರುತ್ತದೆ. ಕಾರ್ಬೊರೇಟರ್ ಬಾಯಿಯ ಹತ್ತಿರ ಪೌಡರ್ ಕೂಡ ಬೇಡ. ಗಾಡಿಯನ್ನು ಬಯಲಿಗೆ ತಂದು ಐದು ಹತ್ತು ನಿಮಿಷ ಓಡಿಸಿ. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಬಾರದು, ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಆಮೇಲೆ ನೋಡಿದರೆ ಬಿಳಿ ಪುಡಿಯ ಮೇಲೆ ಆಯಿಲ್ ಬಂದ ದಾರಿ ಗೆರೆ ಎಳೆದ ಹಾಗೆ ಕಾಣುತ್ತದೆ.

ಆಯಿಲ್ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರುವುದೇ ಮೂಲ. ಹನಿ ತೊಟ್ಟಿಕ್ಕುವುದು ಕೆಳಗಿನ ಡ್ರೈನ್ ನಟ್‌ನಿಂದಲೇ ಆದರೂ ತಪ್ಪು ಬಹಳ ಸಲ ಡ್ರೈನ್ ನಟ್‌ನದಲ್ಲ. ಪಾಪ, ಎಲ್ಲರೂ ಮೊದಲು ತಿರುಚುವುದು ಅದನ್ನೇ.

ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿ, ಚಕ್ರ ನಿಂತ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಒಂದು ರಾತ್ರಿ ಸೆಂಟರ್ ಸ್ಟ್ಯಾಂಡ್, ಇನ್ನೊಂದು ರಾತ್ರಿ ಸೈಡ್ ಸ್ಟ್ಯಾಂಡ್. ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಎಡಕ್ಕೆ ವಾಲುತ್ತದೆ, ಆಯಿಲ್ ಎಡಗಡೆಯ ಕವರ್‌ಗೆ ಬಂದು ನಿಲ್ಲುತ್ತದೆ. ಆಗ ಮಾತ್ರ ಸೋರಿದರೆ ಎಡಗಡೆಯ ಕವರ್ ಪ್ಯಾಕಿಂಗ್ ಅಥವಾ ಕಿಕ್ಕರ್ ಹೊರಬರುವ ಜಾಗ ನೋಡಿ. ನಿಂತಾಗ ಸೋರದೆ ಓಡಿದ ಮೇಲಷ್ಟೇ ಸೋರುತ್ತಿದ್ದರೆ ಬಿಸಿಗೆ ಆಯಿಲ್ ತೆಳುವಾಗಿ, ಒಳಗಿನ ಒತ್ತಡಕ್ಕೆ ಹೊರಬರುತ್ತಿದೆ.

ಎಷ್ಟು ಸೋರಿದರೆ ಚಿಂತೆ ಮಾಡಬೇಕು? ಇಪ್ಪತ್ತು ಹನಿಗೆ ಸುಮಾರು ಒಂದು ಮಿ.ಲೀ. ಎಂದು ಲೆಕ್ಕ ಹಾಕಿ. ರಾತ್ರಿಗೆ ಹತ್ತು ಹನಿ ಬಿದ್ದರೆ ತಿಂಗಳಿಗೆ 15 ಮಿ.ಲೀ. ನೆಲದ ಮೇಲೆ ಅದು ದೊಡ್ಡ ಕಲೆ, ಗೇರ್‌ಬಾಕ್ಸ್‌ಗೆ ಸಣ್ಣ ನಷ್ಟ. ಮಟ್ಟ ನೋಡಿಕೊಂಡು ಓಡಿಸಬಹುದು. ಆದರೆ ಓಡುವಾಗ ನಿಮಿಷಕ್ಕೆ ಆರು ಹನಿ ಹೋದರೆ ಗಂಟೆಗೆ 18 ಮಿ.ಲೀ., ಅದೂ ಹಿಂದಿನ ಟೈರಿಗೆ ಹತ್ತಿರದಲ್ಲಿ. ಆಗ ಆಯಿಲ್ ಖಾಲಿಯಾಗುವುದಕ್ಕಿಂತ ಮೊದಲು ತಿರುವಿನಲ್ಲಿ ಗಾಡಿ ಜಾರುತ್ತದೆ. ಟೈರ್ ಅಥವಾ ಹಿಂದಿನ ಬ್ರೇಕ್ ಡ್ರಮ್ ಮೇಲೆ ಆಯಿಲ್ ಕಂಡರೆ, ಹನಿ ಎಣಿಸುತ್ತ ಕೂರದೆ ಗಾಡಿ ನಿಲ್ಲಿಸಿ.

ಯೆಜ್ಡಿಯ ಮಾಮೂಲಿ ಜಾಗಗಳು

ಯೆಜ್ಡಿಯಲ್ಲಿ ಕಿಕ್ಕರ್ರೇ ಗೇರ್ ಲಿವರ್. ಅದರ ಶಾಫ್ಟ್ ಎಡಗಡೆ ಕವರ್‌ನಿಂದ ಹೊರಬರುವ ಜಾಗ ಸೋರಿಕೆಯ ಹಳೇ ಅಡ್ಡೆ. ಎರಡೂ ಕೆಲಸಕ್ಕೆ ಒಂದೇ ಲಿವರ್ ತುಳಿದು ತುಳಿದು ಅಲ್ಲಿನ ತೂತು ಸವೆದಿರುತ್ತದೆ. ಹೊಸ ರಬ್ಬರ್ ರಿಂಗ್ ಹಾಕಿದರೂ ಶಾಫ್ಟ್ ಅಲ್ಲಾಡುತ್ತಿದ್ದರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕತೆ. ಲೇತ್‌ನವರ ಹತ್ತಿರ ಬುಷ್ ಹಾಕಿಸಿದರೆ ಮಾತ್ರ ನಿಲ್ಲುತ್ತದೆ.

ಚೈನ್ ಸ್ಪ್ರಾಕೆಟ್ ಹಿಂದೆ ಒಂದು ಸೀಲ್ ಇದೆ. ಹಳೇ ಜಾವಾ ಮತ್ತು ಯೆಜ್ಡಿ ಕ್ಲಾಸಿಕ್‌ನಲ್ಲಿ ಹಿಂದಿನ ಚೈನ್ ಪೂರ್ತಿ ಮುಚ್ಚಿದ ಕವರ್ ಒಳಗೆ ಓಡುವುದರಿಂದ, ಈ ಸೀಲ್ ಸೋರಿದರೆ ಆಯಿಲ್ ಎಂಜಿನ್ ಕೆಳಗೆ ಬೀಳದೆ ಚೈನ್ ಕವರ್ ಒಳಗೆ ಸಾಗಿ ಹಿಂದಿನ ಚಕ್ರದ ಹತ್ತಿರ ಹೊರಬರುತ್ತದೆ. ಚೈನ್‌ಗೆ ಹಾಕಿದ ಗ್ರೀಸ್ ಕರಗಿದೆ ಎಂದು ಜನ ತಿಳಿಯುತ್ತಾರೆ. ತೆಳುವಾಗಿ ಹರಿಯುತ್ತಿದ್ದರೆ ಗ್ರೀಸ್ ಅಲ್ಲ, ಗೇರ್ ಆಯಿಲ್.

ಇನ್ನು ಬಲಗಡೆ ಕವರ್. ಅದರೊಳಗೆ ಡೈನಮೋ ಇದೆ, ಪಾಯಿಂಟ್ ಇದೆ, ಅದು ಒಣಗಿರಬೇಕು. ಬಿಚ್ಚಿದಾಗ ಒದ್ದೆ ಕಂಡರೆ ಎಲ್ಲಿ ಒದ್ದೆ ಎಂದು ನೋಡಿ. ಕ್ಲಚ್ ಒತ್ತುವ ಕಡ್ಡಿ ಗೇರ್‌ಬಾಕ್ಸ್ ಶಾಫ್ಟ್ ಮೂಲಕ ಈ ಕಡೆಗೆ ಬರುತ್ತದೆ. ಅದರ ಸುತ್ತ ದಪ್ಪ ಆಯಿಲ್ ಇದ್ದರೆ ಗೇರ್‌ಬಾಕ್ಸ್‌ನದು, ಅಷ್ಟೇನೂ ಅಪಾಯವಿಲ್ಲ. ಡೈನಮೋ ಹಿಂದೆ, ಕ್ರ್ಯಾಂಕ್ ಹೊರಬರುವ ಜಾಗದಲ್ಲಿ ಪೆಟ್ರೋಲ್ ವಾಸನೆಯ ತೆಳು ಜಿಡ್ಡು ಸಿಂಪಡಿಸಿದ ಹಾಗೆ ಇದ್ದರೆ ಬಲಗಡೆಯ ಕ್ರ್ಯಾಂಕ್ ಸೀಲ್ ಹೋಗಿದೆ. ಇದು ಅಪಾಯ. ಏಕೆ ಎಂಬುದು ಮುಂದಿದೆ.

ನೆಲಕ್ಕೆ ಬೀಳದ ಸೋರಿಕೆ

ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಹೋದಾಗ ಕ್ರ್ಯಾಂಕ್ ಕೋಣೆಯಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಕಾರ್ಬೊರೇಟರ್‌ನಿಂದ ಮಿಶ್ರಣ ಒಳಗೆ ಎಳೆಯಲ್ಪಡುತ್ತದೆ. ಕೆಳಗೆ ಬಂದಾಗ ಅದೇ ಮಿಶ್ರಣ ಒತ್ತಿಕೊಂಡು ಸಿಲಿಂಡರ್‌ಗೆ ಏರುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ಸುತ್ತುತ್ತಿದ್ದರೆ ಸೆಕೆಂಡಿಗೆ 50 ಸಲ ಹೀಗೆ ಎಳೆತ, ಒತ್ತಡ ನಡೆಯುತ್ತಿರುತ್ತದೆ. ಕ್ರ್ಯಾಂಕ್ ಕೋಣೆ ಒಂದು ಪಂಪ್ ಇದ್ದ ಹಾಗೆ. ಆ ಪಂಪ್‌ಗೆ ಎಡಕ್ಕೊಂದು, ಬಲಕ್ಕೊಂದು ರಬ್ಬರ್ ಸೀಲ್.

ಎಡಗಡೆ ಸೀಲ್‌ನ ಆಚೆ ಇರುವುದು ಕ್ಲಚ್ ಕವರ್, ಅಂದರೆ ಗೇರ್ ಆಯಿಲ್. ಆ ಸೀಲ್ ಸವೆದರೆ ಪ್ರತಿ ಎಳೆತಕ್ಕೂ ಒಂದಿಷ್ಟು ಗೇರ್ ಆಯಿಲ್ ಒಳಗೆ ಬಂದು ಪೆಟ್ರೋಲ್ ಜೊತೆ ಸುಡುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ. ಗಾಡಿ ಹಿಂದೆ ಮಾತ್ರ ಸೊಳ್ಳೆಗೆ ಹೊಗೆ ಹಾಕಿದ ಹಾಗಿರುತ್ತದೆ. ಪ್ಲಗ್ ಪದೇ ಪದೇ ಒದ್ದೆಯಾಗಿ ಕೈಕೊಡುತ್ತದೆ. ಮೆಕ್ಯಾನಿಕ್ ಹೊಗೆ ನೋಡಿ “ಬೋರ್‌ಗೆ ಬಂದಿದೆ ಅಣ್ಣ” ಅನ್ನುತ್ತಾನೆ. ಹೊಸ ಪಿಸ್ಟನ್ ಹಾಕಿ, ಬೋರ್ ಮಾಡಿಸಿ, ಸಾವಿರಗಟ್ಟಲೆ ಖರ್ಚಾದ ಮೇಲೂ ಹೊಗೆ ಹಾಗೇ ಇರುತ್ತದೆ. ಹೋಗಿದ್ದದ್ದು ಪಿಸ್ಟನ್‌ಗಿಂತ ಎಷ್ಟೋ ಅಗ್ಗದ ಒಂದು ರಬ್ಬರ್ ಬಳೆ.

ಫೋರ್-ಸ್ಟ್ರೋಕ್ ಎಂಜಿನ್‌ನಲ್ಲಿ ನೀಲಿ ಹೊಗೆ ಬಂದರೆ ರಿಂಗ್ ಸವೆದಿದೆ ಎಂದು ಅನುಮಾನಿಸುವುದು ಸರಿ. ಆ ನಿಯಮವನ್ನು ಟೂ-ಸ್ಟ್ರೋಕ್‌ಗೆ ಹಾಗೇ ತಂದದ್ದರಿಂದಲೇ ಈ ಎಡವಟ್ಟು. ಆಯಿಲ್ ಸುಡುವುದೇ ಕೆಲಸವಾದ ಎಂಜಿನ್‌ನಲ್ಲಿ ಸ್ವಲ್ಪ ಹೊಗೆ ಸಹಜ. ತುಂಬ ದಿನ ನಿಂತ ಗಾಡಿ ಸ್ಟಾರ್ಟ್ ಮಾಡಿದಾಗ ಜಾಸ್ತಿಯೇ ಬರುತ್ತದೆ, ತಳದಲ್ಲಿ ಸೇರಿದ ಆಯಿಲ್ ಸುಟ್ಟುಹೋಗಬೇಕಲ್ಲ. ಹದಿನೈದು ನಿಮಿಷ ಓಡಿಸಿದ ಮೇಲೂ ದಟ್ಟ ಹೊಗೆ ನಿಲ್ಲದಿದ್ದರೆ, 2ಟಿ ಮಿಶ್ರಣವೂ ಸರಿಯಿದ್ದರೆ, ಆಗ ಎಡಗಡೆ ಸೀಲ್ ಮೇಲೆ ಅನುಮಾನ ಪಡಿ.

ಅನುಮಾನ ಪರಿಹರಿಸಿಕೊಳ್ಳಲು ಎಂಜಿನ್ ಬಿಚ್ಚಬೇಕಿಲ್ಲ. ಗಾಡಿ ಬಿಸಿ ಇರುವಾಗ ಗೇರ್ ಆಯಿಲ್ ಪೂರ್ತಿ ಇಳಿಸಿ, ಕೈಪಿಡಿ ಹೇಳಿದಷ್ಟು ಹೊಸ ಆಯಿಲ್ ಅಳೆದು ಹಾಕಿ, ಅಳತೆ ಬರೆದಿಡಿ. 150–200 ಕಿ.ಮೀ. ಓಡಿಸಿ. ಮತ್ತೆ ಬಿಸಿ ಇರುವಾಗಲೇ ಇಳಿಸಿ ಅಳೆಯಿರಿ. ಹತ್ತಿಪ್ಪತ್ತು ಮಿ.ಲೀ. ವ್ಯತ್ಯಾಸ ಒಳಗೆ ಅಂಟಿಕೊಂಡದ್ದಿರಬಹುದು. ನೂರು ಮಿ.ಲೀ. ಕಾಣೆಯಾಗಿ, ಹೊರಗೆಲ್ಲೂ ಒದ್ದೆ ಇಲ್ಲದಿದ್ದರೆ ಅದು ಹೊಗೆಯಾಗಿ ಹೋಗಿದೆ. ಇಳಿಸಿದ ಆಯಿಲ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದು ಆಯಿಲ್ ನೀರಾಗಿದ್ದರೆ ಅದೇ ಸೀಲ್ ಮೂಲಕ ಮಿಶ್ರಣ ಈ ಕಡೆಗೂ ತಳ್ಳಲ್ಪಡುತ್ತಿದೆ. ಆಗ ಗೇರ್ ಮಟ್ಟ ಕಡಿಮೆಯಾಗುವ ಬದಲು ಹೆಚ್ಚಾಗುವುದೂ ಉಂಟು. ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ನೀರು ಸೇರಿದೆ, ಅದು ಬೇರೆ ವಿಷಯ.

ಬಲಗಡೆ ಸೀಲ್ ಹೋದರೆ ಹೊಗೆಯೂ ಬರುವುದಿಲ್ಲ. ಅದರ ಆಚೆ ಇರುವುದು ಬರೀ ಗಾಳಿ. ಎಂಜಿನ್ ಗಾಳಿ ಎಳೆದುಕೊಳ್ಳುತ್ತದೆ, ಪೆಟ್ರೋಲ್ ಪ್ರಮಾಣ ಕಡಿಮೆಯಾಗುತ್ತದೆ. ಪೆಟ್ರೋಲ್ ಕಡಿಮೆ ಎಂದರೆ ಅದರಲ್ಲಿ ಬೆರೆತ 2ಟಿ ಆಯಿಲ್ ಕೂಡ ಕಡಿಮೆ. ಬಿಸಿ ಹೆಚ್ಚು, ಜಿಡ್ಡು ಕಡಿಮೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸದ್ದು ಇಳಿಯದೆ ಮೇಲೇ ನಿಂತರೆ, ಐಡ್ಲಿಂಗ್ ಎಷ್ಟು ತಿರುಗಿಸಿದರೂ ಒಂದೇ ಸಮ ಸಿಗದಿದ್ದರೆ ಇದು ಮುನ್ಸೂಚನೆ. “ಪಿಕಪ್ ಚೆನ್ನಾಗಿದೆ” ಎಂದು ಖುಷಿಪಟ್ಟು ಹೆದ್ದಾರಿಗೆ ಇಳಿದರೆ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಂಡು ಹಿಂದಿನ ಚಕ್ರ ಒಮ್ಮೆಲೇ ನಿಲ್ಲಬಹುದು. ಹಾಗಾದಾಗ ಮಾಡಬೇಕಾದದ್ದು ಒಂದೇ, ತಕ್ಷಣ ಕ್ಲಚ್ ಹಿಡಿಯುವುದು. ಅನುಮಾನ ಇರುವ ಟೂ-ಸ್ಟ್ರೋಕ್ ಓಡಿಸುವಾಗ ಎರಡು ಬೆರಳು ಕ್ಲಚ್ ಮೇಲೇ ಇರಲಿ.

ಬಿಪಿ ಮೀಟರಿನಿಂದ ಎಂಜಿನ್ ಪರೀಕ್ಷೆ

ಸೀಲ್ ಹೋಗಿದೆಯೇ ಎಂದು ಖಚಿತವಾಗಿ ತಿಳಿಯುವ ಪರೀಕ್ಷೆ ಇದು. ಕಾರ್ಬೊರೇಟರ್ ಮತ್ತು ಸೈಲೆನ್ಸರ್ ಬಿಚ್ಚಿ, ಆ ಬಾಯಿಗಳನ್ನು ರಬ್ಬರ್ ಹಾಳೆ, ಪಟ್ಟಿ ಹಾಕಿ ಗಾಳಿಯಾಡದಂತೆ ಮುಚ್ಚಬೇಕು. ಪ್ಲಗ್ ಬಿಗಿಯಾಗಿರಬೇಕು. ಒಂದು ಮುಚ್ಚಳದ ಮೂಲಕ ಸಣ್ಣ ಪೈಪ್ ತೂರಿಸಿ, ಕೈಯಲ್ಲಿ ಒತ್ತುವ ಹಳೇ ಬಿಪಿ ಮೀಟರ್‌ನ ಬಲ್ಬ್ ಮತ್ತು ಗಡಿಯಾರ ಸೇರಿಸಬೇಕು. ಅದರ ಗಡಿಯಾರ 300ರವರೆಗೆ ತೋರಿಸುತ್ತದೆ. 300 ಎಂದರೆ ಹತ್ತಿರ ಹತ್ತಿರ 6 ಪಿಎಸ್‌ಐ. ಈ ಪರೀಕ್ಷೆಗೆ ಬೇಕಾದ್ದೂ ಅಷ್ಟೇ.

300ರವರೆಗೆ ಒತ್ತಿ, ಬಿಟ್ಟು ನೋಡಿ. ಕೆಲವು ನಿಮಿಷ ಮುಳ್ಳು ಹೆಚ್ಚು ಕಡಿಮೆ ಅಲ್ಲೇ ನಿಂತರೆ ಎಂಜಿನ್ ಗಟ್ಟಿ. ಸರ್ರನೆ ಇಳಿದರೆ ಸೋಪಿನ ನೊರೆ ಹಚ್ಚುತ್ತ ಹೋಗಿ: ಹೆಡ್ ಸುತ್ತ, ಸಿಲಿಂಡರ್ ಬುಡ, ಎರಡು ಕೇಸ್ ಕೂಡುವ ಗೆರೆ, ಡೈನಮೋ ತೆಗೆದು ಬಲಗಡೆ ಸೀಲ್. ಎಲ್ಲೂ ಗುಳ್ಳೆ ಬರದೆ ಗೇರ್ ಆಯಿಲ್ ಹಾಕುವ ಬಾಯಿಯಲ್ಲಿ ಗುಳುಗುಳು ಕೇಳಿದರೆ ಎಡಗಡೆ ಸೀಲ್ ಸಿಕ್ಕಿಬಿತ್ತು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ತರಬೇಡಿ. ಆ ಒತ್ತಡಕ್ಕೆ ಸರಿಯಿದ್ದ ಸೀಲ್ ಕೂಡ ಎದ್ದು ಬರುತ್ತದೆ. ಪರೀಕ್ಷೆಗೆ ಬಳಸಿದ ಮೀಟರ್‌ನಲ್ಲಿ ಮತ್ತೆ ಅಜ್ಜಿಯ ಬಿಪಿ ನೋಡುವುದೂ ಬೇಡ.

ಬುಲೆಟ್ ಕತೆ ಬೇರೆ

ಚೆನ್ನೈನಿಂದ ಬಂದ ಹಳೇ ಬುಲೆಟ್ ಫೋರ್-ಸ್ಟ್ರೋಕ್. ಅದರಲ್ಲಿ ಆಯಿಲ್ ಇರುವ ಕೋಣೆಯೇ ಬೇರೆ, ಕ್ರ್ಯಾಂಕ್ ಕೋಣೆಯೇ ಬೇರೆ, ಎರಡೂ ಒಂದೇ ಎರಕದಲ್ಲಿ ಅಕ್ಕಪಕ್ಕ ಇವೆ. ವಾರಗಟ್ಟಲೆ ನಿಂತರೆ ಸವೆದ ಪಂಪ್ ಮೂಲಕ ಆಯಿಲ್ ನಿಧಾನವಾಗಿ ಕ್ರ್ಯಾಂಕ್ ಕೋಣೆಗೆ ಇಳಿಯುತ್ತದೆ. ಬೆಳಿಗ್ಗೆ ಕಡ್ಡಿ ಎತ್ತಿ ನೋಡಿದವರಿಗೆ ಆಯಿಲ್ ಕಡಿಮೆ ಕಾಣುತ್ತದೆ, ಅರ್ಧ ಲೀಟರ್ ಸುರಿಯುತ್ತಾರೆ. ಸ್ಟಾರ್ಟ್ ಮಾಡಿದಾಗ ಕೆಳಗಿದ್ದದ್ದೆಲ್ಲ ಮೇಲೆ ಬಂದು, ಹೆಚ್ಚಾದ ಆಯಿಲ್ ಬ್ರೀದರ್ ಪೈಪಿನಿಂದ ಹೊರಗೆ ಉಗಿಯುತ್ತದೆ. ಇದು ಸೋರಿಕೆಯಲ್ಲ, ನಾವೇ ತುಂಬಿಸಿ ಚೆಲ್ಲಿಸಿದ್ದು. ಬುಲೆಟ್‌ನಲ್ಲಿ ಆಯಿಲ್ ಮಟ್ಟ ನೋಡಬೇಕಾದದ್ದು ಕೆಲವು ನಿಮಿಷ ಓಡಿಸಿ ನಿಲ್ಲಿಸಿದ ಮೇಲೆ.

ಎರಡು ಮೂರು ಕಡೆ ಒಟ್ಟಿಗೆ ಸೋರಲು ಶುರುವಾದರೆ ಪ್ಯಾಕಿಂಗ್‌ಗಳನ್ನು ಬೈಯುವ ಮೊದಲು ಬ್ರೀದರ್ ನೋಡಿ. ಎಂಜಿನ್‌ನ ಉಸಿರು ಹೊರಹೋಗುವ ದಾರಿ ಅದು. ಹಳೇ ಮಾದರಿಗಳಲ್ಲಿ ಬಾತುಕೋಳಿ ಕೊಕ್ಕಿನಂಥ ರಬ್ಬರ್ ವಾಲ್ವ್ ಇರುತ್ತದೆ. ಅದು ಗಟ್ಟಿಯಾಗಿ ಅಂಟಿಕೊಂಡರೆ ಒಳಗಿನ ಒತ್ತಡ ಎಲ್ಲಿ ದಾರಿ ಸಿಕ್ಕರೆ ಅಲ್ಲಿಂದ ಆಯಿಲ್ ತಳ್ಳುತ್ತದೆ. ಎಡಗಡೆಯ ದೊಡ್ಡ ಪ್ರೈಮರಿ ಕವರ್ ನಿಂತಿರುವುದು ಮಧ್ಯದ ಒಂದೇ ನಟ್ ಮೇಲೆ. ಸೋರಿತೆಂದು ಅದನ್ನು ಬಿಗಿದಷ್ಟೂ ಕವರ್ ಬಾಗಿ ಅಂಚು ಬಿಡುತ್ತದೆ. ಹೊಸ ರಬ್ಬರ್ ಹಾಕಿ ಹದವಾಗಿ ಬಿಗಿಯುವುದೇ ಸರಿ.

ಫಾರ್ವರ್ಡ್‌ನಲ್ಲಿ ಬರುವ ಮದ್ದುಗಳು

“40 ತೆಗೆದು 90 ಹಾಕಿ, ಎರಡರಷ್ಟು ದಪ್ಪ.” ಇದು ಶುದ್ಧ ತಪ್ಪು. ಎಂಜಿನ್ ಆಯಿಲ್ ಮತ್ತು ಗೇರ್ ಆಯಿಲ್‌ಗೆ ಎಸ್‌ಎಇ ಇಟ್ಟಿರುವ ಅಳತೆಗೋಲುಗಳೇ ಬೇರೆ. ಗೇರ್ ಆಯಿಲ್ 90 ಎಂಬುದು ದಪ್ಪದಲ್ಲಿ ಸುಮಾರು ಎಂಜಿನ್ ಆಯಿಲ್ 40–50ರ ಹತ್ತಿರವೇ ಬರುತ್ತದೆ. ನಿಜವಾಗಿ ದಪ್ಪದ್ದು ಹಾಕಿದರೂ ಹರಿದ ಸೀಲ್ ಕೂಡಿಕೊಳ್ಳುವುದಿಲ್ಲ. ಯೆಜ್ಡಿಯ ಕ್ಲಚ್ ಪ್ಲೇಟ್‌ಗಳು ಅದೇ ಆಯಿಲ್‌ನಲ್ಲಿ ಮುಳುಗಿರುವುದರಿಂದ ಅವು ಅಂಟಿಕೊಂಡು ಗೇರ್ ಬೀಳುವುದು ಕಷ್ಟವಾಗುತ್ತದೆ. ಕೆಲವು ಗೇರ್ ಆಯಿಲ್‌ಗಳಲ್ಲಿನ ಗಂಧಕದ ಸೇರ್ಪಡೆ ಹಳೇ ಕಂಚಿನ ಬುಷ್‌ಗಳಿಗೂ ಒಳ್ಳೆಯದಲ್ಲ.

ಎಂ-ಸೀಲ್ ಬಗ್ಗೆ ನ್ಯಾಯವಾಗಿ ಹೇಳಬೇಕೆಂದರೆ, ಕವರ್‌ನಲ್ಲಿ ಸಣ್ಣ ಬಿರುಕಿದ್ದು, ಆಯಿಲ್ ಪೂರ್ತಿ ಇಳಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಜಿಡ್ಡು ತೆಗೆದು ಹಚ್ಚಿದರೆ ಊರು ಸೇರುವವರೆಗೆ ನಿಲ್ಲುತ್ತದೆ. ತಿರುಗುವ ಶಾಫ್ಟ್ ಸುತ್ತ ಮೆತ್ತಿದರೆ ಪ್ರಯೋಜನವಿಲ್ಲ. ಗ್ಯಾಸ್ಕೆಟ್ ಪೇಸ್ಟ್ ಕೂಡ ತೆಳ್ಳಗೆ ಸವರಬೇಕು. ಬೆರಳಿನಷ್ಟು ದಪ್ಪ ಹಚ್ಚಿದರೆ ಒಳಗೆ ಉಕ್ಕಿದ ಭಾಗ ಕಿತ್ತು ಬುಲೆಟ್‌ನ ಆಯಿಲ್ ದಾರಿಗೇ ಅಡ್ಡ ಕೂರಬಹುದು.

“ಇನ್ನೊಂದು ಸುತ್ತು ಬಿಗಿ ಮಾಡು” ಎಂಬುದು ಅಲ್ಯೂಮಿನಿಯಂ ಕೇಸ್‌ಗೆ ಶತ್ರು. ಮರೆ ಕಿತ್ತುಬಂದರೆ ಸೋರಿಕೆಯ ಜೊತೆಗೆ ಹೊಸ ಕೆಲಸ. ಎರಡು ಕೇಸ್ ಬಿಡಿಸಲು ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟುವುದು ಇನ್ನೂ ಕೆಟ್ಟದ್ದು. ಹಳೇ ಯೆಜ್ಡಿಗಳ ಕೇಸ್ ಅಂಚಿನಲ್ಲಿ ಆ ಗಾಯದ ಗುರುತುಗಳನ್ನು ಓದಿಯೇ ಎಷ್ಟು ಸಲ ಎಂಜಿನ್ ಬಿಚ್ಚಿದ್ದಾರೆಂದು ಹೇಳಬಹುದು. ಪ್ರತಿ ಗಾಯವೂ ಒಂದು ಹೊಸ ಸೋರಿಕೆ.

“2ಟಿ ಜಾಸ್ತಿ ಹಾಕಿದಷ್ಟೂ ಎಂಜಿನ್‌ಗೆ ಒಳ್ಳೆಯದು” ಎಂಬುದಕ್ಕೂ ಮಿತಿ ಇದೆ. ಕೈಪಿಡಿಯಲ್ಲಿ 25ಕ್ಕೆ 1 ಎಂದಿದ್ದರೆ ಲೀಟರಿಗೆ 40 ಮಿ.ಲೀ., 20ಕ್ಕೆ 1 ಎಂದಿದ್ದರೆ 50 ಮಿ.ಲೀ. ಅಳತೆ ಡಬ್ಬಿ ಇಟ್ಟುಕೊಳ್ಳಿ. ಹೆಚ್ಚಾದದ್ದು ಸೈಲೆನ್ಸರ್‌ನಲ್ಲಿ ಮಸಿಯಾಗಿ ಕೂತು, ಬೆಂಡ್‌ನಿಂದ ಸೋರಿ, ನಿಮ್ಮನ್ನು ಮತ್ತೆ ಸೋರಿಕೆ ಹುಡುಕಲು ಕಳಿಸುತ್ತದೆ.

ಕಬ್ಬಿನ ನಾಡಿಗೆ ಇನ್ನೊಂದು ಮಾತು. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಬಿಡುಗಡೆಯಾಯಿತು. ಕಬ್ಬು ಮತ್ತು ಕಾಕಂಬಿಯಿಂದಲೂ ತಯಾರಾಗುವ ಎಥೆನಾಲ್ ನೀರನ್ನು ಹೀರುತ್ತದೆ, ಹಳೇ ಕಾಲದ ಕೆಲವು ರಬ್ಬರ್‌ಗಳಿಗೆ ಒಗ್ಗುವುದಿಲ್ಲ. ಪೆಟ್ರೋಲ್ ಪೈಪ್, ಕಾಕ್ ವಾಷರ್, ಸೀಲ್ ಕೊಳ್ಳುವಾಗ ಎಥೆನಾಲ್ ತಡೆಯುವ ರಬ್ಬರ್ ಕೇಳಿ ತನ್ನಿ. “ಒರಿಜಿನಲ್ ಹಳೇ ಸ್ಟಾಕ್” ಎಂದು ಹೆಚ್ಚು ದುಡ್ಡು ಕೊಟ್ಟು ತಂದ ಸೀಲ್ ಅಂಗಡಿಯ ಡಬ್ಬಿಯಲ್ಲೇ ಮುದುಕನಾಗಿರುತ್ತದೆ. ಲೋಹದ ಭಾಗಕ್ಕೆ ಹಳೇ ಸ್ಟಾಕ್ ಹುಡುಕಿ, ರಬ್ಬರ್‌ಗೆ ಹೊಸದೇ ಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನ ಹಳೇ ಪೆಟ್ರೋಲ್ ಇಳಿಸಿಬಿಡಿ. ದಿನವೂ ಗಾಡಿ ನಿಲ್ಲಿಸುವಾಗ ಕಾಕ್ ಮುಚ್ಚಿ. ಅದನ್ನು ಮರೆತರೆ, ಕಾರ್ಬೊರೇಟರ್ ಫ್ಲೋಟ್ ಕೂಡ ಕೈಕೊಟ್ಟರೆ, ಬೆಳಿಗ್ಗೆ ಕ್ರ್ಯಾಂಕ್ ಕೋಣೆ ತುಂಬ ಪೆಟ್ರೋಲ್.

ಇಳಿಸಿದ ಸುಟ್ಟ ಆಯಿಲ್ ಏನು ಮಾಡುವುದು?

ಹುಳುಕಡ್ಡಿ ಬಂದ ಕುರಿಗೆ, ಕಜ್ಜಿ ನಾಯಿಗೆ ಸುಟ್ಟ ಆಯಿಲ್ ಹಚ್ಚಿದರೆ ವಾಸಿಯಾಗುತ್ತದೆ ಎಂಬ ಮಾತು ಕುರಿ ಸಾಕುವ ಊರುಗಳಲ್ಲಿ ಫೋನ್ ಬರುವುದಕ್ಕೂ ಮೊದಲಿನಿಂದ ಓಡಾಡುತ್ತಿದೆ, ಈಗ ಫಾರ್ವರ್ಡ್ ಆಗಿಯೂ ಬರುತ್ತದೆ. ಹಚ್ಚಬೇಡಿ. ಎಂಜಿನ್‌ನಿಂದ ಇಳಿಸಿದ ಆಯಿಲ್‌ನಲ್ಲಿ ಸವೆದ ಲೋಹದ ಪುಡಿ ಇರುತ್ತದೆ. ಫೋರ್-ಸ್ಟ್ರೋಕ್ ಎಂಜಿನ್‌ನದಾದರೆ ಇಂಧನ ಸುಟ್ಟಾಗ ಹುಟ್ಟಿದ, ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಸೇರಿರುತ್ತವೆ. ಚರ್ಮದ ಮೂಲಕವೂ, ನೆಕ್ಕಿದಾಗ ಹೊಟ್ಟೆಯ ಮೂಲಕವೂ ಅದು ಪ್ರಾಣಿಯ ಮೈ ಸೇರುತ್ತದೆ. ಕಜ್ಜಿಗೆ ಪಶು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇದೆ, ಹಚ್ಚುವ ಔಷಧಿಯೂ ಇದೆ. ನಿಮ್ಮ ಕೈಗೂ ಅದೇ ಮಾತು: ಕೆಲಸ ಮಾಡುವಾಗ ಗ್ಲೌಸ್ ಹಾಕಿ, ಮುಗಿದ ಮೇಲೆ ಪೆಟ್ರೋಲಿನಲ್ಲಿ ಕೈ ತೊಳೆಯದೆ ಸೋಪು ಬಳಸಿ.

ನಾಲೆಗೆ, ಚರಂಡಿಗೆ, ಗದ್ದೆ ಬದುವಿಗೆ ಸುರಿಯಬೇಡಿ. ಮುಚ್ಚಳ ಗಟ್ಟಿಯಾಗಿರುವ ಕ್ಯಾನ್‌ನಲ್ಲಿ ತುಂಬಿಸಿ, ಹಳೇ ಆಯಿಲ್ ಕೊಳ್ಳುವ ಸರ್ವಿಸ್ ಸ್ಟೇಷನ್ ಅಥವಾ ಗ್ಯಾರೇಜ್‌ಗೆ ಕೊಡಿ. ಕ್ಯಾನ್ ಮೇಲೆ “ಸುಟ್ಟ ಆಯಿಲ್” ಎಂದು ದೊಡ್ಡದಾಗಿ ಬರೆಯಿರಿ. ಕೊಟ್ಟಿಗೆಯಲ್ಲಿ ಅಡುಗೆ ಎಣ್ಣೆಯ ಹಳೇ ಕ್ಯಾನ್‌ಗಳೂ ಅದೇ ಬಣ್ಣದವು ಇರುತ್ತವೆ.